ಲಿನಕ್ಸ್ ಲ್ಯಾಪ್‌ಟಾಪಿನ ಪರದೆ: ಅಪ್‌ಗ್ರೇಡ್ ತಕರಾರುಗಳ ಮೂರು ದಶಕ

ಲಿನಕ್ಸ್ ಲ್ಯಾಪ್‌ಟಾಪನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಪರದೆ ಕೈಕೊಡುವುದು ಇಂದು ನಿನ್ನೆಯ ತಕರಾರಲ್ಲ. ಒಂದು ಯಂತ್ರದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ, ಇನ್ನೊಂದರಲ್ಲಿ ಬಿಡದೆ ಮಿಣುಕುತ್ತದೆ, ಮತ್ತೊಂದರಲ್ಲಿ ಅಕ್ಷರಗಳು ಊದಿಕೊಂಡು ರೆಸಲ್ಯೂಶನ್ 1024×768ಕ್ಕೆ ಇಳಿದು ಕೂರುತ್ತದೆ. ಲಕ್ಷಣಗಳು ಮೂವತ್ತು ವರ್ಷಗಳಿಂದ ಹೆಚ್ಚುಕಡಿಮೆ ಇವೇ. ಬದಲಾಗಿರುವುದು ದೋಷ ಅಡಗಿರುವ ಜಾಗ. ಪರದೆಯನ್ನು ನಡೆಸುವ ಹೊಣೆ ಮೊದಲು ಬಳಕೆದಾರನ ಮೇಲಿತ್ತು. ಆಮೇಲೆ ಪರದೆಗೆ ಚಿತ್ರ ಬಿಡಿಸುವ ಎಕ್ಸ್ ಸರ್ವರ್ ಎಂಬ ತಂತ್ರಾಂಶಕ್ಕೆ, ಅಲ್ಲಿಂದ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಹೋಯಿತು. ದುರಸ್ತಿಯ ವಿದ್ಯೆಯೂ ಅದರ ಬೆನ್ನಿಗೇ ಮನೆ ಬದಲಿಸುತ್ತ ಬಂತು.

ಕಥೆ ಶುರುವಾಗುವುದು ಲಿನಕ್ಸ್‌ಗಿಂತ ಮೊದಲು. ಅಮೆರಿಕದ ಎಂಐಟಿಯಲ್ಲಿ ಪ್ರಾಜೆಕ್ಟ್ ಅಥೀನಾ ನಡೆಯುತ್ತಿದ್ದಾಗ, 1984ರಲ್ಲಿ, ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಎಕ್ಸ್ ವಿಂಡೋ ಸಿಸ್ಟಮ್ ಕಟ್ಟಲು ತೊಡಗಿದರು. ಅದರ ಹನ್ನೊಂದನೆಯ ರೂಪ, ಎಕ್ಸ್11, 1987ರಲ್ಲಿ ಬಂತು. ಅದು ಹುಟ್ಟಿದ್ದು ದೊಡ್ಡ ವರ್ಕ್‌ಸ್ಟೇಷನ್‌ಗಳ ಲೋಕದಲ್ಲಿ. ಅಲ್ಲಿ ಯಂತ್ರ, ಗ್ರಾಫಿಕ್ಸ್ ಕಾರ್ಡು, ಮಾನಿಟರ್, ಆಪರೇಟಿಂಗ್ ಸಿಸ್ಟಮ್ ಎಲ್ಲವೂ ಸಾಮಾನ್ಯವಾಗಿ ಒಂದೇ ಕಂಪನಿಯಿಂದ ಬರುತ್ತಿದ್ದವು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದದ್ದು ಪಿಸಿಗೆ. ಪಿಸಿಯ ಲೋಕದಲ್ಲಿ ಕಾರ್ಡು ಒಬ್ಬರದು, ಮಾನಿಟರ್ ಇನ್ನೊಬ್ಬರದು, ಎರಡರ ತಾಂತ್ರಿಕ ವಿವರ ಯಾರ ಬಳಿಯೂ ಪೂರ್ತಿ ಇರುತ್ತಿರಲಿಲ್ಲ. ಥಾಮಸ್ ರೋಲ್ ಬರೆದಿದ್ದ ಎಕ್ಸ್386 ಎಂಬ ಸರ್ವರ್‌ನಿಂದ 1992ರಲ್ಲಿ ಕವಲೊಡೆದ ಎಕ್ಸ್‌ಫ್ರೀ86 ಯೋಜನೆ ಈ ಗೋಜಲಿನ ನಡುವೆ ಲಿನಕ್ಸ್‌ಗೆ ಚಿತ್ರಪರದೆ ಒದಗಿಸಿತು.

ಆ ಕಾಲದಲ್ಲಿ ಪರದೆಯ ಲೆಕ್ಕವನ್ನು ಬಳಕೆದಾರನೇ ಬರೆಯಬೇಕಿತ್ತು. ಎಕ್ಸ್‌ಎಫ್86ಕಾನ್ಫಿಗ್ ಎಂಬ ಕಡತದಲ್ಲಿ ಮೋಡ್‌ಲೈನ್ ಎಂಬ ಸಾಲು ಇರುತ್ತಿತ್ತು. 640×480ರ ಸಾಮಾನ್ಯ ಚಿತ್ರವನ್ನೇ ನೋಡಬಹುದು. ಸಾಲಿನ ಮೊದಲ ಅಂಕಿ 25.175, ಅಂದರೆ ಸೆಕೆಂಡಿಗೆ ಎರಡೂವರೆ ಕೋಟಿಗೂ ಹೆಚ್ಚು ಚುಕ್ಕೆಗಳು. ಕಾಣುವುದು ಅಡ್ಡಕ್ಕೆ 640 ಚುಕ್ಕೆಗಳಾದರೂ ಎಲೆಕ್ಟ್ರಾನ್ ಕಿರಣ ಹಿಂದಿರುಗುವ ಸಮಯ ಸೇರಿ ಪ್ರತಿ ಸಾಲಿಗೆ 800 ಚುಕ್ಕೆಗಳ ಅವಧಿ ಬೇಕು. ಕಾಣುವ ಸಾಲುಗಳು 480 ಆದರೂ ಒಟ್ಟು 525. ಮೊದಲ ಅಂಕಿಯನ್ನು ಈ ಎರಡರ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 60 ಚಿತ್ರಗಳು ಸಿಗುತ್ತವೆ. ಹಳೆಯ ಗಾಜಿನ ಮಾನಿಟರ್ ತಾಳಲಾರದ ವೇಗವನ್ನು ಬರೆದರೆ ಅದರೊಳಗಿನ ಸರ್ಕ್ಯೂಟ್ ಸುಡಬಹುದೆಂದು ಕೈಪಿಡಿಗಳು ಎಚ್ಚರಿಸುತ್ತಿದ್ದವು. ಆ ಎಚ್ಚರಿಕೆ ಬೆದರುಬೊಂಬೆಯೇನೂ ಆಗಿರಲಿಲ್ಲ. ಪರದೆ ವಿಚಿತ್ರವಾಗಿ ಕುಣಿಯತೊಡಗಿದೊಡನೆ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ ಎಕ್ಸ್ ಅನ್ನು ಕೊಲ್ಲುವುದು ಪ್ರತಿ ಲಿನಕ್ಸಿಗನೂ ಮೊದಲು ಕಲಿಯುತ್ತಿದ್ದ ಪಾಠಗಳಲ್ಲಿ ಒಂದು.  

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಗೆ ಸುಡುವ ಭಯ ಅಷ್ಟಿರಲಿಲ್ಲ. ಆದರೆ ಅದರ ಚುಕ್ಕೆಗಳ ಸಂಖ್ಯೆ ಹುಟ್ಟಿನಿಂದಲೇ ನಿಶ್ಚಿತ. ಸರಿಯಾದ ಅಳತೆ ಸಿಗದಿದ್ದರೆ ಚಿತ್ರ ಕಪ್ಪು ಚೌಕಟ್ಟಿನ ನಡುವೆ ಅಂಚೆಚೀಟಿಯಷ್ಟಾಗಿ ಕೂರುತ್ತಿತ್ತು. 1994ರಲ್ಲಿ ವೆಸಾ ಸಂಸ್ಥೆ ರೂಪಿಸಿದ ಇಡಿಐಡಿ ಎಂಬ 128 ಬೈಟ್‌ಗಳ ಗುರುತಿನ ಚೀಟಿಯಿಂದಾಗಿ, ಪರದೆಯೇ ತನ್ನ ಅಳತೆಯನ್ನು ಕಂಪ್ಯೂಟರಿಗೆ ಹೇಳುವ ದಾರಿ ತೆರೆಯಿತು. ಎಲ್ಲ ಪರದೆಗಳೂ ನಿಜ ಹೇಳುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅಪ್‌ಗ್ರೇಡ್ ಮಾಡಿ ಪರದೆ ಕಳೆದುಕೊಳ್ಳುವ ದೊಡ್ಡ ಅಲೆಗಳಲ್ಲಿ ಮೊದಲನೆಯದು 2000ದ ಮಾರ್ಚ್‌ನಲ್ಲಿ ಎಕ್ಸ್‌ಫ್ರೀ86ರ ನಾಲ್ಕನೆಯ ಆವೃತ್ತಿಯೊಂದಿಗೆ ಬಂತು. ಮೂರನೆಯ ಆವೃತ್ತಿಯಲ್ಲಿ ಎಸ್‌3 ಚಿಪ್‌ಗೆ ಒಂದು ಸರ್ವರ್, ಮ್ಯಾಕ್64 ಚಿಪ್‌ಗೆ ಇನ್ನೊಂದು ಎಂದು ಕಾರ್ಡಿನ ಕುಲಕ್ಕೊಂದು ಸರ್ವರ್ ಇತ್ತು. ನಾಲ್ಕನೆಯದರಲ್ಲಿ ಸರ್ವರ್ ಒಂದೇ ಆಗಿ, ಕಾರ್ಡಿಗೆ ತಕ್ಕ ಡ್ರೈವರ್ ಮಾಡ್ಯೂಲನ್ನು ಸೇರಿಸಿಕೊಳ್ಳುವ ಕ್ರಮ ಬಂತು. ಕಡತದ ವಿನ್ಯಾಸವೂ ಬದಲಾಯಿತು. ಕೆಲವು ಹಳೆಯ ಕಾರ್ಡುಗಳಿಗೆ ಹೊಸ ಡ್ರೈವರ್ ಬರಲೇ ಇಲ್ಲ. ಅಂಥ ಕಾರ್ಡು ಇದ್ದವರು ಮೂರನೆಯ ಆವೃತ್ತಿಯಲ್ಲೇ ಉಳಿದರು. 2004ರಲ್ಲಿ ಪರವಾನಗಿಯ ಷರತ್ತು ಬದಲಾದದ್ದಕ್ಕೆ ಜಗಳವಾಗಿ ಹೆಚ್ಚಿನವರು ಎಕ್ಸ್‌ಫ್ರೀ86 ತೊರೆದು ಎಕ್ಸ್.ಆರ್ಗ್ ಕಡೆ ಹೋದರು. ಹೊಸ ಮನೆಯವರು ಮಾಡಿದ ಉಪಕಾರಗಳಲ್ಲಿ ದೊಡ್ಡದು, ದಶಕದ ಕೊನೆಯ ಹೊತ್ತಿಗೆ ಕಾನ್ಫಿಗ್ ಕಡತವನ್ನೇ ಬೇಡವಾಗಿಸಿದ್ದು. ಆಗ ದುರಸ್ತಿ ತಲೆಕೆಳಗಾಯಿತು. ಹಿಂದೆ ಹುಷಾರಾಗಿ ಬರೆದಿಟ್ಟ ಕಡತ ಅಪ್‌ಗ್ರೇಡ್ ನಂತರವೂ ಉಳಿದುಕೊಂಡು, ಈಗ ಇಲ್ಲದ ಡ್ರೈವರಿನ ಹೆಸರು ಹೇಳಿ ಪರದೆಯನ್ನು ಕಪ್ಪಾಗಿಸುತ್ತಿತ್ತು. ಆ ಕಡತವನ್ನು ಎತ್ತಿ ಬೇರೆಡೆ ಇಟ್ಟರೆ ಎಲ್ಲ ಸರಿ. ಸಾಲು ಸೇರಿಸಿ ಸರಿಪಡಿಸುವ ಕಾಲ ಅಲ್ಲಿಗೆ ಮುಗಿದು, ತೆಗೆದು ಸರಿಪಡಿಸುವ ಕಾಲ ಶುರುವಾಯಿತು. 2007ರ ಅಕ್ಟೋಬರ್‌ನ ಉಬುಂಟು 7.10ರಲ್ಲಿ, ಎಕ್ಸ್ ಏಳದಿದ್ದರೆ ಕಡಿಮೆ ರೆಸಲ್ಯೂಶನ್‌ನಲ್ಲಾದರೂ ಪರದೆ ತೋರಿಸುವ ಏರ್ಪಾಡು ಸೇರಿತು.

ಇದರ ನಡುವೆ ಒಂದು ಮೂಲ ದೋಷ ಹಾಗೇ ಇತ್ತು. ಗ್ರಾಫಿಕ್ಸ್ ಚಿಪ್ಪನ್ನು ಕರ್ನಲ್ಲೂ ಮುಟ್ಟುತ್ತಿತ್ತು, ಎಕ್ಸ್ ಸರ್ವರೂ ಮುಟ್ಟುತ್ತಿತ್ತು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮೇಲೇಳದಿರಲು ಇದು ಮುಖ್ಯ ಕಾರಣ. 2009ರ ಮಾರ್ಚ್‌ನಲ್ಲಿ ಬಂದ ಕರ್ನಲ್ 2.6.29ರಲ್ಲಿ ಇಂಟೆಲ್ ಚಿಪ್‌ಗಳ ಮಟ್ಟಿಗೆ ಪರದೆಯ ಮೋಡ್ ಹೊಂದಿಸುವ ಕೆಲಸ ಕರ್ನಲ್‌ಗೇ ಸೇರಿತು. ಕರ್ನಲ್ ಮೋಡ್ ಸೆಟ್ಟಿಂಗ್ ಎಂಬ ಈ ಬದಲಾವಣೆ ಲಿನಕ್ಸ್ ಪರದೆಯ ಇತಿಹಾಸದಲ್ಲಿ ಅತಿ ದೊಡ್ಡದು; ನಡುದಾರಿಯ ನೋವು ಮಾತ್ರ ಕಡಿಮೆಯದಾಗಿರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಉಬುಂಟು 9.04, ಇಂಟೆಲ್ ಡ್ರೈವರ್ ಒಳಗೊಳಗೇ ಮರುಕಟ್ಟಲ್ಪಡುತ್ತಿದ್ದ ಹೊತ್ತಿನಲ್ಲಿ ಸಿಕ್ಕಿಬಿತ್ತು. ಹಿಂದಿನ ಆವೃತ್ತಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಲ್ಯಾಪ್‌ಟಾಪ್‌ಗಳು ಅದರಲ್ಲಿ ತೆವಳಿದವು. ಇಂಟೆಲ್ ಹೆಸರಿದ್ದೂ ಒಳಗೆ ಪವರ್‌ವಿಆರ್ ತಿರುಳಿದ್ದ ಜಿಎಂಎ 500 ಚಿಪ್‌ನ ಕಿರು ಲ್ಯಾಪ್‌ಟಾಪ್‌ಗಳ ಪಾಡು ಇನ್ನೂ ಕೆಟ್ಟದ್ದು. ಪ್ರತಿ ಅಪ್‌ಗ್ರೇಡೂ ಅವಕ್ಕೆ ಗಂಡಾಂತರವೇ ಆಗಿತ್ತು.

ನೋಮೋಡ್‌ಸೆಟ್ ಎಂಬ ಬೂಟ್ ಆಯ್ಕೆ ಮನೆಮಾತಾದದ್ದು ಇದೇ ಕಾಲದಲ್ಲಿ. ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಅದನ್ನು ಸೇರಿಸಿದರೆ ಕರ್ನಲ್ ಗ್ರಾಫಿಕ್ಸ್ ಡ್ರೈವರನ್ನು ಬಳಸದೆ ಏಳುತ್ತದೆ. ಪರದೆ ಕಾಣಿಸುತ್ತದೆ, ಆದರೆ ವೇಗವಿರುವುದಿಲ್ಲ. ಲ್ಯಾಪ್‌ಟಾಪ್ ಬಿಸಿಯೇರುತ್ತದೆ, ಬೆಳಕಿನ ಕೀಲಿಗಳು ಕೆಲಸ ಮಾಡದಿರಬಹುದು. ಒಳಗೆ ಹೋಗಿ ನಿಜವಾದ ರಿಪೇರಿ ಮಾಡಲು ಬಾಗಿಲು ತೆರೆಯುವುದಷ್ಟೇ ಅದರ ಕೆಲಸ. ಅದನ್ನೇ ಔಷಧವೆಂದು ನಂಬಿ ವರ್ಷಗಟ್ಟಲೆ ಹಾಗೇ ಬಿಟ್ಟವರು ಬಹಳ.

ಎನ್‌ವಿಡಿಯಾ ಚಿಪ್ ಇರುವ ಲ್ಯಾಪ್‌ಟಾಪ್‌ಗಳದ್ದು ಬೇರೆಯೇ ಅಧ್ಯಾಯ. ಕಂಪನಿಯ ಡ್ರೈವರ್ ಬಹುಕಾಲ ಪೂರ್ತಿ ಮುಚ್ಚಿದ ಆಕರದ್ದಾಗಿತ್ತು. ಅದರ ಕರ್ನಲ್ ಮಾಡ್ಯೂಲನ್ನು ಪ್ರತಿ ಕರ್ನಲ್‌ಗೂ ಹೊಸದಾಗಿ ಕಟ್ಟಬೇಕು. ಕರ್ನಲ್ ಮಾತ್ರ ಮುಂದೆ ಹೋಗಿ ಮಾಡ್ಯೂಲ್ ಹಿಂದೆ ಉಳಿದರೆ ಪರದೆ ಇಲ್ಲ. ಡೆಲ್ ಕಂಪನಿಯಲ್ಲಿ ರೂಪುಗೊಂಡ ಡಿಕೆಎಂಎಸ್ ಈ ಮರುಕಟ್ಟುವಿಕೆಯನ್ನು ತಾನಾಗಿ ಮಾಡುವ ಸಾಧನ. ಕರ್ನಲ್ ಹೆಡರ್ ಕಡತಗಳು ಇಲ್ಲದಿದ್ದರೆ ಅದೂ ಸದ್ದಿಲ್ಲದೆ ಸೋಲುತ್ತದೆ. ಸೆಕ್ಯೂರ್ ಬೂಟ್ ಬಂದ ಮೇಲೆ, ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೇ ಬಿಡದಂತಾಯಿತು. ಕಂಪನಿಯ ನೆರವಿಲ್ಲದೆ, ಚಿಪ್‌ನ ನಡೆಯನ್ನು ಹೊರಗಿನಿಂದ ನೋಡಿ ನೋಡಿ ಬರೆದ ನೂವೋ ಡ್ರೈವರ್ 2010ರಲ್ಲಿ ಕರ್ನಲ್ 2.6.33ಕ್ಕೆ ಸೇರಿತು. ಅದೇ ವರ್ಷ ಎನ್‌ವಿಡಿಯಾದ ಆಪ್ಟಿಮಸ್ ಏರ್ಪಾಡು ಬಂತು. ಇಂಥ ಲ್ಯಾಪ್‌ಟಾಪಿನಲ್ಲಿ ಚಿಪ್‌ಗಳು ಎರಡು; ಸಾಮಾನ್ಯವಾಗಿ ಪರದೆಯ ತಂತಿ ಇರುವುದು ಇಂಟೆಲ್ ಚಿಪ್‌ಗೆ, ಭಾರದ ಕೆಲಸ ಎನ್‌ವಿಡಿಯಾಗೆ. ಲಿನಕ್ಸ್‌ನಲ್ಲಿ ಇದನ್ನು ನಡೆಸಲು 2011ರಲ್ಲಿ ಬಂಬಲ್‌ಬಿ ಎಂಬ ಸ್ವತಂತ್ರ ಯೋಜನೆ ಹುಟ್ಟಿತು. ಅದರ ಅನುಸ್ಥಾಪನಾ ಸ್ಕ್ರಿಪ್ಟಿನ ಅಳಿಸುವ ಆದೇಶದಲ್ಲಿ ಕಡತದ ದಾರಿಯ ನಡುವೆ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದಿತ್ತು. ಒಂದು ಉಪಕೋಶ ಅಳಿಸಬೇಕಾದ ಆದೇಶ, ಬಹುಪಾಲು ತಂತ್ರಾಂಶವೇ ಇರುವ ‘ಯುಎಸ್‌ಆರ್’ ಕೋಶವನ್ನು ಪೂರ್ತಿ ಅಳಿಸಿತು. ಪರದೆ ಸರಿಮಾಡಲು ಹೋಗಿ ಇಡೀ ವ್ಯವಸ್ಥೆ ಕಳೆದುಕೊಂಡವರ ಗೋಳು ಆ ವರ್ಷ ಜಗತ್ತಿಗೆಲ್ಲ ಹರಡಿತು. ಮರುವರ್ಷ ಫಿನ್‌ಲೆಂಡಿನ ಸಭೆಯೊಂದರಲ್ಲಿ, ಆಪ್ಟಿಮಸ್ ಕುರಿತ ಪ್ರಶ್ನೆಗೆ ಟೊರ್ವಾಲ್ಡ್ಸ್ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ ದೃಶ್ಯ ಹಲವರಿಗೆ ನೆನಪಿರಬಹುದು. ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಆಕರವನ್ನು ತೆರೆದದ್ದು 2022ರ ಮೇ ತಿಂಗಳಲ್ಲಿ.

ಕಪ್ಪು ಪರದೆಗಳಲ್ಲಿ ಕೆಲವು ನಿಜಕ್ಕೂ ಕಪ್ಪಲ್ಲ. ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಲಾಗಿನ್ ಚೌಕ ಮಸುಕಾಗಿ ಕಾಣುತ್ತದೆ. ಚಿತ್ರ ಇದೆ, ಹಿಂಬೆಳಕು ಆರಿದೆ ಎಂದರ್ಥ. 2012ರಲ್ಲಿ ವಿಂಡೋಸ್ 8 ಬಂದ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಹೆಚ್ಚಿತು. ಬೆಳಕನ್ನು ಯಾರು ನಿಯಂತ್ರಿಸಬೇಕು, ಫರ್ಮ್‌ವೇರೋ ಗ್ರಾಫಿಕ್ಸ್ ಡ್ರೈವರೋ ಎಂಬ ಒಪ್ಪಂದವೇ ಆಗ ಬದಲಾಗಿತ್ತು. ಎಸಿಪಿಐ ಬ್ಯಾಕ್‌ಲೈಟ್ ಎಂಬ ಬೂಟ್ ಆಯ್ಕೆಗೆ ‘ವೆಂಡರ್’ ಅಥವಾ ‘ನೇಟಿವ್’ ಎಂದು ಕೊಡುವುದು ಅದಕ್ಕೆ ರೂಢಿಯ ಮದ್ದು.

ಮುಂದಿನ ದಶಕದ ಮಿಣುಕಾಟಕ್ಕೆ ಬಹುತೇಕ ಬ್ಯಾಟರಿ ಉಳಿಸುವ ಆಸೆಯೇ ಕಾರಣ. ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂಬ ಸೌಲಭ್ಯದಲ್ಲಿ, ಚಿತ್ರ ಬದಲಾಗದೆ ನಿಂತಾಗ ಪರದೆ ತನ್ನದೇ ನೆನಪಿನಿಂದ ಅದನ್ನು ತೋರಿಸುತ್ತದೆ. ಚಿಪ್‌ನಿಂದ ಬರುವ ಸಂಪರ್ಕ ಮಲಗುತ್ತದೆ. ಏಳುವಾಗ ಹೊಂದಾಣಿಕೆ ತಪ್ಪಿದರೆ ಟೈಪ್ ಮಾಡಿದ ಅಕ್ಷರ ಮೌಸ್ ಅಲುಗಾಡಿಸುವ ತನಕ ಕಾಣುವುದಿಲ್ಲ, ಅಥವಾ ಪರದೆ ಝಲ್ಲೆಂದು ಹೊಳೆಯುತ್ತದೆ. ಹಳೆಯ ಕರ್ನಲ್ ಈ ಸೌಲಭ್ಯ ಬಳಸದಿದ್ದರೆ, ಹೊಸದು ಬಳಸತೊಡಗಿದ ದಿನ ಅದು ಅಪ್‌ಗ್ರೇಡ್ ದೋಷವಾಗಿ ಕಾಣುತ್ತದೆ. ಇಂಟೆಲ್‌ನ ಐ915 ಡ್ರೈವರಿಗೂ ಎಎಂಡಿಯ ಎಎಂಡಿಜಿಪಿಯು ಡ್ರೈವರಿಗೂ ಇದನ್ನು ಆರಿಸುವ ಒಂದೊಂದು ಆಯ್ಕೆ ಇದೆ.

2022ರ ಸೆಪ್ಟೆಂಬರ್ ಕೊನೆಯಲ್ಲಿ ಮೋಡ್‌ಲೈನ್ ಕಾಲದ ಹಳೆಯ ಭಯ ಮರಳಿ ಬಂತು. ಕರ್ನಲ್ 5.19.12ಕ್ಕೆ ಏರಿದ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳ ಪರದೆ ಬಿಳಿಯಾಗಿ ರಪರಪನೆ ಮಿಂಚತೊಡಗಿತು. ಎಲ್‌ಸಿಡಿ ಪ್ಯಾನೆಲ್‌ಗೆ ಮೊದಲು ವಿದ್ಯುತ್, ಆಮೇಲೆ ಸಂಕೇತ, ಕೊನೆಗೆ ಹಿಂಬೆಳಕು, ನಡುನಡುವೆ ಇಷ್ಟಿಷ್ಟು ಮಿಲಿಸೆಕೆಂಡು ಬಿಡುವು ಎಂಬ ಕ್ರಮವಿದೆ. ಆ ಆವೃತ್ತಿಗೆ ಮುಂದಿನ ಕರ್ನಲ್‌ನಿಂದ ತಂದು ಸೇರಿಸಿದ ಪ್ಯಾಚ್‌ಗಳಿಂದಾಗಿ ಈ ಬಿಡುವಿನ ಅಂಕಿಗಳು ಕೆಟ್ಟಿದ್ದವು. ಲಾಗ್‌ಗಳನ್ನು ನೋಡಿದ ಇಂಟೆಲ್‌ನ ವಿಲ್ಲೆ ಸ್ಯೂರ್ಯಾಲಾ, ಇದರಿಂದ ಪ್ಯಾನೆಲ್‌ಗೇ ಹಾನಿಯಾಗಬಹುದೆಂದು ಎಚ್ಚರಿಸಿದರು. ಅಕ್ಟೋಬರ್ ಮೊದಲ ವಾರದಲ್ಲೇ 5.19.13 ಹೊರಬಂದು ಆ ಪ್ಯಾಚ್‌ಗಳು ಹಿಂದೆ ಸರಿದವು. ಅಷ್ಟು ಬೇಗ ಮೂಲ ಸಿಕ್ಕದಿದ್ದಾಗ ಗಿಟ್ ಬೈಸೆಕ್ಟ್ ಇದೆ: ಒಳ್ಳೆಯ ಮತ್ತು ಕೆಟ್ಟ ಆವೃತ್ತಿಗಳ ನಡುವೆ ಹತ್ತು ಸಾವಿರ ಬದಲಾವಣೆಗಳಿದ್ದರೂ ಅರ್ಧರ್ಧ ಮಾಡುತ್ತ ಹೋದರೆ ಸುಮಾರು ಹದಿನಾಲ್ಕು ಪರೀಕ್ಷೆಗಳಲ್ಲಿ ತಪ್ಪಿತಸ್ಥ ಸಿಗುತ್ತಾನೆ.

ಇಷ್ಟರಲ್ಲಿ ಎಕ್ಸ್‌ಗೇ ಬದಲಿ ಬಂದಿತ್ತು. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್, 2016ರ ನವೆಂಬರ್‌ನ ಫೆಡೋರಾ 25ರಲ್ಲಿ ಗ್ನೋಮ್ ಡೆಸ್ಕ್‌ಟಾಪಿನ ಮೂಲ ಆಯ್ಕೆಯಾಯಿತು. ಉಬುಂಟು 17.10ರಲ್ಲಿ ಅದನ್ನು ತಂದು, 18.04ರಲ್ಲಿ ಎಕ್ಸ್‌ಗೆ ಮರಳಿ, 21.04ರಲ್ಲಿ ಮತ್ತೆ ವೇಲ್ಯಾಂಡ್ ಹಿಡಿಯಿತು. ಎನ್‌ವಿಡಿಯಾ ಯಂತ್ರಗಳಲ್ಲಿ ಹಳೆಯ ತಂತ್ರಾಂಶಗಳ ಕಿಟಕಿ ಹಿಂದುಮುಂದಾಗಿ ಮಿಣುಕುತ್ತಿದ್ದುದು 2024ರ 555ನೆಯ ಸರಣಿಯ ಡ್ರೈವರ್ ಬಂದ ಮೇಲೆ ಬಹುಮಟ್ಟಿಗೆ ನಿಂತಿತು. ಅಲ್ಲಿಯವರೆಗೂ ಲಾಗಿನ್ ಪರದೆಯ ಮೂಲೆಯ ಹಲ್ಲುಚಕ್ರ ಒತ್ತಿ ಎಕ್ಸ್.ಆರ್ಗ್ ಆರಿಸಿಕೊಳ್ಳುವುದೇ ಎಲ್ಲರೂ ಹೇಳುತ್ತಿದ್ದ ಮೊದಲ ಉಪಾಯ. 2025ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಿಂದ ಎಕ್ಸ್.ಆರ್ಗ್ ಸರ್ವರನ್ನು ತೆಗೆದುಹಾಕಲಾಗಿದೆ. ಅಕ್ಟೋಬರ್‌ನ ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಆಯ್ಕೆ ಇಲ್ಲ. ಎಕ್ಸ್‌ಗೆ ಮರಳುವ ದಾರಿ ಹೀಗೆ ಮುಚ್ಚುತ್ತಿದ್ದರೂ, ಹೊಸ ಕರ್ನಲ್ ಕೈಕೊಟ್ಟಾಗ ಗ್ರಬ್ ಪಟ್ಟಿಯಲ್ಲಿ ಹಳೆಯದು ಈಗಲೂ ಸಿಗುತ್ತದೆ. ಫೆಡೋರಾ ಸ್ವತಃ ಮೂರು ಕರ್ನಲ್‌ಗಳನ್ನು ಉಳಿಸಿಕೊಂಡಿರುತ್ತದೆ.