ಚಲನಚಿತ್ರದ ಆಯ್ಕೆ ಮತ್ತು ವರ್ಣಭೇದದ ಅರಿವು

ಚಲನಚಿತ್ರವು ಜನಮನದ ಮೇಲೆ ಬೀರುವ ಪ್ರಭಾವಕ್ಕೆ ಅಮೆರಿಕದ ಇತಿಹಾಸವೇ ಸಾಕ್ಷಿ. 1915ರಲ್ಲಿ ಡಿ. ಡಬ್ಲ್ಯೂ. ಗ್ರಿಫಿತ್ ನಿರ್ದೇಶಿಸಿದ 'ದಿ ಬರ್ತ್ ಆಫ್ ಎ ನೇಷನ್' ಚಿತ್ರವು ಕಪ್ಪು ಜನರನ್ನು ದುಷ್ಟರೆಂದೂ, ಅವರನ್ನು ಹಿಂಸಿಸಿದ ಕು ಕ್ಲಕ್ಸ್ ಕ್ಲಾನ್ ಪಂಗಡವನ್ನು ವೀರರೆಂದೂ ಚಿತ್ರಿಸಿತು. ನಶಿಸಿಹೋಗಿದ್ದ ಆ ಪಂಗಡವು ಅದೇ ವರ್ಷ ಜಾರ್ಜಿಯ ರಾಜ್ಯದಲ್ಲಿ ಮತ್ತೆ ತಲೆಯೆತ್ತಿತು. ಹೀಗೆ ದ್ವೇಷವನ್ನು ಬಿತ್ತಬಲ್ಲ ಮಾಧ್ಯಮವು ಅರಿವನ್ನೂ ಬಿತ್ತಬಲ್ಲದು. ಆದರೆ ಅದಕ್ಕೆ ಆಯ್ಕೆಯ ವಿವೇಕ ಅವಶ್ಯ.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯರು ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಪ್ರಾಣ ಕಳೆದುಕೊಂಡರು. ಆಗ ಅನೇಕ ಬಿಳಿಯ ಸಜ್ಜನರು ವರ್ಣಭೇದವನ್ನು ಅರಿಯಬೇಕೆಂದು ಪ್ರಾಮಾಣಿಕವಾಗಿಯೇ ಹಂಬಲಿಸಿದರು. ಆ ದಿನಗಳಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್‌ನಲ್ಲಿ ಅಗ್ರಸ್ಥಾನಕ್ಕೇರಿದ್ದು 2011ರ 'ದಿ ಹೆಲ್ಪ್' ಚಿತ್ರ. 1960ರ ದಶಕದ ಮಿಸಿಸಿಪ್ಪಿಯಲ್ಲಿ ಬಿಳಿಯರ ಮನೆಗೆಲಸ ಮಾಡುತ್ತಿದ್ದ ಕಪ್ಪು ಮಹಿಳೆಯರ ಬವಣೆಯನ್ನು ಬಿಳಿಯ ಯುವತಿಯೊಬ್ಬಳು ಬರೆದು ಪ್ರಕಟಿಸುವುದು ಅದರ ಕಥಾವಸ್ತು. ಆ ಚಿತ್ರದಲ್ಲಿ ಕ್ರೂರ ಗೃಹಿಣಿಯಾಗಿ ನಟಿಸಿದ್ದ ಬ್ರೈಸ್ ಡಲ್ಲಾಸ್ ಹೋವರ್ಡ್ ಅವರೇ, ಅದು ಬಿಳಿಯ ಪಾತ್ರದ ದೃಷ್ಟಿಯಿಂದ ಹೇಳಿದ ಕಥೆಯೆಂದು ಸ್ಮರಿಸಿ, ಇತರ ಚಿತ್ರಗಳನ್ನು ನೋಡಿರೆಂದು ಸೂಚಿಸಿದರು. ಮನೆಗೆಲಸದಾಕೆಯ ಪಾತ್ರ ವಹಿಸಿದ್ದ ವಯೋಲಾ ಡೇವಿಸ್ ಅವರೂ, ಆ ಮಹಿಳೆಯರ ದನಿಯೇ ಅದರಲ್ಲಿ ಕೇಳಿಬರಲಿಲ್ಲವೆಂದು 2018ರಲ್ಲಿಯೇ ವಿಷಾದಿಸಿದ್ದರು.

ಇಂಥ ಚಿತ್ರದಲ್ಲಿ ಅನುಕಂಪಕ್ಕೆ ಕೊರತೆಯಿಲ್ಲ. ಆದರೆ ಅನ್ಯಾಯವೆಲ್ಲವೂ ಕೆಲವರ ದುಷ್ಟ ಸ್ವಭಾವದಲ್ಲಿಯೇ ನೆಲೆಸಿದಂತೆ ತೋರುವುದರಿಂದ, ನೋಡುಗನು 'ನಾನು ಅಂಥವನಲ್ಲ' ಎಂದು ಸಮಾಧಾನಪಟ್ಟು ಮೇಲೇಳುತ್ತಾನೆ. ದ್ವೇಷವಿಲ್ಲದವರ ಕೈಯಿಂದಲೂ ಅನ್ಯಾಯ ನಡೆಯಬಲ್ಲದೆಂಬ ಸತ್ಯ ಅವನಿಗೆ ಗೋಚರಿಸುವುದೇ ಇಲ್ಲ.

ವಸತಿಯ ಇತಿಹಾಸವು ಈ ಸತ್ಯಕ್ಕೆ ನಿದರ್ಶನ. 1934ರಲ್ಲಿ ಸ್ಥಾಪಿತವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಸಂಸ್ಥೆಯು ಮನೆಸಾಲಗಳಿಗೆ ಸರ್ಕಾರದ ಭದ್ರತೆ ಒದಗಿಸಿತಾದರೂ, ಕಪ್ಪು ಜನರ ಬಡಾವಣೆಗಳನ್ನು ಅಪಾಯಕರವೆಂದು ಎಣಿಸಿ ಬಹುಮಟ್ಟಿಗೆ ಹೊರಗಿಟ್ಟಿತು. 1947ರಿಂದ ನ್ಯೂಯಾರ್ಕಿನ ಬಳಿ ಸಾವಿರಾರು ಮನೆಗಳಾಗಿ ಬೆಳೆದ ಲೆವಿಟೌನ್‌ನಲ್ಲಿ ಕಪ್ಪು ಕುಟುಂಬಗಳಿಗೆ ಮನೆ ಮಾರುತ್ತಿರಲಿಲ್ಲ. ಅಲ್ಲಿ ಮನೆ ಕೊಂಡ ಬಿಳಿಯ ಗೃಹಸ್ಥನು ಯಾರನ್ನೂ ದ್ವೇಷಿಸದೆ ಇದ್ದಿರಬಹುದು; ಆದರೂ ಏರಿದ ಮನೆಯ ಬೆಲೆ ಅವನ ಮಕ್ಕಳಿಗೆ ಆಸ್ತಿಯಾಯಿತು, ಹೊರಗುಳಿದವರ ಮಕ್ಕಳಿಗೆ ಬಾಡಿಗೆಯ ಚೀಟಿಯೇ ಉಳಿಯಿತು. 1968ರ ಕಾನೂನು ವಸತಿಯಲ್ಲಿನ ಭೇದವನ್ನು ನಿಷೇಧಿಸಿತು. ಅಷ್ಟರೊಳಗೆ ಕೂಡಿಬಂದ ಆಸ್ತಿಯ ಅಂತರವನ್ನು ಅಳಿಸಲಿಲ್ಲ. 'ರೇಸ್: ದಿ ಪವರ್ ಆಫ್ ಆ್ಯನ್ ಇಲ್ಯೂಷನ್' ಎಂಬ 2003ರ ಸಾಕ್ಷ್ಯಚಿತ್ರದ ಮೂರನೆಯ ಭಾಗವು ನಿರೂಪಿಸುವುದು ಇದನ್ನೇ.

ಕಥಾಚಿತ್ರವು ಇದನ್ನು ತೋರಲಾರದೆಂದಲ್ಲ. ಏವಾ ಡುವರ್ನೆ ನಿರ್ದೇಶಿಸಿದ 2014ರ 'ಸೆಲ್ಮಾ' ಚಿತ್ರದಲ್ಲಿ, ಮತದಾರಳಾಗಿ ಹೆಸರು ನೋಂದಾಯಿಸಲು ಬಂದ ಕಪ್ಪು ಮಹಿಳೆಗೆ ಅಲಬಾಮದಲ್ಲಿ ಎಷ್ಟು ಮಂದಿ ಕೌಂಟಿ ನ್ಯಾಯಾಧೀಶರಿದ್ದಾರೆಂದು ಗುಮಾಸ್ತನು ಕೇಳುತ್ತಾನೆ. ಆಕೆ 67 ಎಂದು ಸರಿಯಾಗಿ ಉತ್ತರಿಸಿದೊಡನೆ, ಅವರೆಲ್ಲರ ಹೆಸರನ್ನು ಹೇಳೆನ್ನುತ್ತಾನೆ. ಅರ್ಜಿ ತಿರಸ್ಕೃತವಾಗುತ್ತದೆ. ಒಂದು ಮೇಜು, ಒಂದು ಅರ್ಜಿ, ಒಂದು ಮುದ್ರೆ: ಪ್ರಜೆಯ ಹಕ್ಕು ಅಪಹೃತವಾಗಲು ಅಷ್ಟೇ ಸಾಕಾಗಿತ್ತು.

ಆದುದರಿಂದ ಚಿತ್ರವನ್ನು ಆಯುವವರು, ಅದು ಎಷ್ಟು ಕಣ್ಣೀರು ತರಿಸಿತೆಂಬುದನ್ನು ಅಳತೆಗೋಲಾಗಿಸಬಾರದು. ನಿಯಮವನ್ನು ಮಾಡಿದವರು ಯಾರು, ಅದರಿಂದ ಲಾಭ ಪಡೆದವರು ಯಾರು, ನೊಂದವರೇ ತಮ್ಮ ಕಥೆಯನ್ನು ಹೇಳುತ್ತಿರುವರೇ ಎಂಬುದನ್ನು ವಿಚಾರಿಸಬೇಕು. ಹೆನ್ರಿ ಹ್ಯಾಂಪ್ಟನ್ ರೂಪಿಸಿದ, 1987 ಮತ್ತು 1990ರಲ್ಲಿ ಪ್ರಸಾರವಾದ 'ಐಸ್ ಆನ್ ದಿ ಪ್ರೈಜ್' ಸರಣಿಯ ಹದಿನಾಲ್ಕು ಕಂತುಗಳಲ್ಲಿ ಚಳವಳಿಗೆ ದುಡಿದವರೇ ಮಾತನಾಡುತ್ತಾರೆ. 'ದಿ ಹೆಲ್ಪ್' ನೋಡಿ ಮರುಗಿದವರು ಅದನ್ನು ತೊರೆಯಬೇಕಾಗಿಲ್ಲ. ಅಲ್ಲಿಗೇ ನಿಲ್ಲದಿದ್ದರೆ ಸಾಕು. ಮರುಕವು ಮೊದಲ ಮೆಟ್ಟಿಲು. ತನಗೆ ಸುಲಭವಾಗಿ ತೆರೆದ ಬಾಗಿಲು ಇನ್ನಾರಿಗೆ ಮುಚ್ಚಿತ್ತೆಂದು ಕೇಳಿಕೊಳ್ಳುವುದು ಎರಡನೆಯದು.