ಸೊಲ್ಲಾಪುರ–ಅಕ್ಕಲಕೋಟೆ: ವಿಮಾನದ ಲೆಕ್ಕ ಬೇರೆ, ರಸ್ತೆಯ ಲೆಕ್ಕ ಬೇರೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ಹುಡುಕಿದರೆ ದೂರ, ಸಮಯ ಎರಡೂ ತಯಾರಾಗಿ ಸಿಗುತ್ತವೆ. ಆದರೆ ಅಂಥ ವಿಮಾನ ಇಲ್ಲ. ಅಕ್ಕಲಕೋಟೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ನಕ್ಷೆಯ ಮೇಲೆ ಎರಡು ಊರಿನ ನಡುವೆ ನೇರ ಗೆರೆ ಎಳೆದು, ಅದನ್ನು ವಿಮಾನದ ವೇಗದಿಂದ ಭಾಗಿಸಿ ಕಂಪ್ಯೂಟರ್ ಕೊಡುವ ಉತ್ತರ ಅದು. ಆ ನೇರ ಗೆರೆ ಸುಮಾರು 35 ಕಿ.ಮೀ. ಗಂಟೆಗೆ 800 ಕಿ.ಮೀ. ಹೋಗುವ ಜೆಟ್‌ಗೆ ಮೂರು ನಿಮಿಷವೂ ಬೇಡ. ಅಷ್ಟರಲ್ಲಿ ವಿಮಾನ ಸರಿಯಾಗಿ ಮೇಲೇರಿಯೂ ಇರುವುದಿಲ್ಲ!

ನಿಜವಾದ ಪ್ರಯಾಣ ರಸ್ತೆಯದ್ದು. ದೂರ 40 ಕಿ.ಮೀ. ಆಸುಪಾಸು, ಕಾರಿನಲ್ಲಾಗಲಿ ಬಸ್ಸಿನಲ್ಲಾಗಲಿ ಒಂದು ಗಂಟೆ ಇಟ್ಟುಕೊಂಡರೆ ಸಾಕು. ಇದೇ ರಸ್ತೆ ಮುಂದೆ ಅಫಜಲಪುರದ ಮೂಲಕ ಕಲಬುರಗಿಗೆ ಹೋಗುತ್ತದೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಮಠಕ್ಕೆ ಬರುವ ಭಕ್ತರಿಂದ ಗುರುವಾರ ಬಸ್ಸು ತುಂಬಿರುತ್ತದೆ. ವ್ಯಾಪಾರದ ಕೆಲಸ ಇರುವವರು ಬೇರೆ ದಿನ ನೋಡಿಕೊಳ್ಳುವುದು ಒಳ್ಳೆಯದು.

ರೈಲಿನಲ್ಲಿ ಒಂದು ಮೋಸ ಹೋಗುವ ಜಾಗ ಇದೆ. 'ಅಕ್ಕಲಕೋಟ್ ರೋಡ್' ಎಂಬ ನಿಲ್ದಾಣ ಸೊಲ್ಲಾಪುರ–ವಾಡಿ ಮಾರ್ಗದಲ್ಲಿದೆ; ಹೆಸರು ನೋಡಿ ಇಳಿದರೆ ಪೇಟೆ ಇನ್ನೂ 10 ಕಿ.ಮೀ. ದೂರ. ಎಲ್ಲ ಎಕ್ಸ್‌ಪ್ರೆಸ್ ರೈಲುಗಳು ಅಲ್ಲಿ ನಿಲ್ಲುವುದೂ ಇಲ್ಲ. ವಿಜಯಪುರ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಈ ನಿಲ್ದಾಣ ಸಿಗುವುದೇ ಇಲ್ಲ, ಯಾಕೆಂದರೆ ಆ ಮಾರ್ಗ ಹೊಟಗಿ ಜಂಕ್ಷನ್‌ನಲ್ಲಿ ಸೇರಿ ನೇರ ಸೊಲ್ಲಾಪುರಕ್ಕೆ ಹೋಗುತ್ತದೆ.

ಸೊಲ್ಲಾಪುರದಲ್ಲಿ ಮಾತ್ರ ವಿಮಾನ ನಿಲ್ದಾಣ ಇದೆ, ಹೊಟಗಿ ರಸ್ತೆಯಲ್ಲಿ. ರನ್‌ವೇಗೆ ಅಡ್ಡ ಬರುತ್ತದೆ ಅಂತ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರಲ್ಲಿ ಕೆಡವಿದರು. ನವೀಕರಿಸಿದ ನಿಲ್ದಾಣದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ ಆಯಿತು. 2025ರ ಜೂನ್‌ನಲ್ಲಿ ಫ್ಲೈ91 ಕಂಪನಿ ಗೋವಾದಿಂದ ಸಣ್ಣ ಎಟಿಆರ್ ವಿಮಾನ ಶುರು ಮಾಡಿತು. ಕರಾವಳಿಯವರಿಗೆ ಗೋವಾದ ದಾರಿ ಉಪಯೋಗಕ್ಕೆ ಬರಬಹುದು, ಆದರೆ ವೇಳಾಪಟ್ಟಿ ನೋಡದೆ ಹೊರಡಬಾರದು. ಇಲ್ಲದಿದ್ದರೆ ಮಂಗಳೂರು–ವಿಜಯಪುರ ರೈಲು, ಅಲ್ಲಿಂದ ಬಸ್ಸಿನಲ್ಲಿ ಸುಮಾರು 100 ಕಿ.ಮೀ.

ಚಾದರ, ಟವೆಲ್ ಖರೀದಿಗೆ ಸೊಲ್ಲಾಪುರಕ್ಕೆ ಹೋಗುವವರಿಗೆ ನಮಾಝಿನ ವಿಷಯದಲ್ಲೂ ಈ ದೂರದ ಲೆಕ್ಕ ಬೇಕಾಗುತ್ತದೆ. ಶಾಫಿ ಮದ್‌ಹಬಿನಲ್ಲಿ ಖಸ್ರ್ ಮಾಡಲು ಎರಡು ಮರ್ಹಲದ ಪ್ರಯಾಣ ಇರಬೇಕು. ಅದನ್ನು ಕಿಲೋಮೀಟರಿಗೆ ತರುವಾಗ ಉಲಮಾಗಳ ಲೆಕ್ಕದಲ್ಲಿ ವ್ಯತ್ಯಾಸ ಇದ್ದರೂ ಯಾವ ಲೆಕ್ಕದಲ್ಲೂ 40 ಕಿ.ಮೀ. ಸಾಲುವುದಿಲ್ಲ. ಮಂಗಳೂರಿನಿಂದ ಹೊರಟು ಸೊಲ್ಲಾಪುರದಲ್ಲಿ ಒಂದೆರಡು ದಿನ ನಿಂತು ಅಕ್ಕಲಕೋಟೆಗೆ ಹೋಗಿ ಬರುವವನು ಮುಸಾಫಿರನಾಗಿಯೇ ಇರುತ್ತಾನೆ. ಆದರೆ ಹೋದ ದಿನ, ಹೊರಡುವ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ಸೊಲ್ಲಾಪುರದಲ್ಲಿ ನಿಲ್ಲುವ ನಿಯ್ಯತ್ ಮಾಡಿದವನ ಸಫರ್ ಅಲ್ಲಿಗೆ ಮುಗಿಯಿತು. ನಂತರ ಅಕ್ಕಲಕೋಟೆಗೆ ಹೋಗಿ ಬಂದರೂ ಖಸ್ರ್ ಇಲ್ಲ, ಪೂರ್ತಿ ನಮಾಝ್. ಬೇಗ ತಲುಪಿದೆ ಅಂತ ಹುಕುಂ ಬದಲಾಗುವುದಿಲ್ಲ, ನೋಡುವುದು ದೂರವನ್ನು. ಸಂಶಯ ಇದ್ದರೆ ಹೊರಡುವ ಮೊದಲೇ ಮೊಹಲ್ಲಾದ ಉಸ್ತಾದರ ಹತ್ತಿರ ಕೇಳಿಕೊಳ್ಳಬಹುದು.

ಭಾಷೆಯ ಚಿಂತೆ ಬೇಡ. ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ ಶಾಲೆಗಳೇ ಇವೆ, ಅಂಗಡಿಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಬಹುದು.