ಮನೆಯ ಚಿತ್ರ, ಊರಿನ ದಾಖಲೆ

ಛಾಯಾಚಿತ್ರವನ್ನು ತಿದ್ದುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಚಾಳಿ ಎಂದು ಬಹಳ ಜನ ತಿಳಿದಿದ್ದಾರೆ. ವಿದ್ಯಾರ್ಥಿ ಮಿತ್ರರೇ, ಅದು ನಿಜವಲ್ಲ. ಡಾಗೇರ್ ಕಂಡುಹಿಡಿದ ವಿಧಾನ ಪ್ಯಾರಿಸಿನಲ್ಲಿ ಜಗತ್ತಿಗೆ ಪ್ರಕಟವಾದದ್ದು 1839ರ ಆಗಸ್ಟ್ 19ರಂದು. ಹದಿನಾರು ವರ್ಷ ಕಳೆಯುವಷ್ಟರಲ್ಲಿ, 1855ರಲ್ಲಿ, ಅದೇ ನಗರದ ದೊಡ್ಡ ವಸ್ತುಪ್ರದರ್ಶನದಲ್ಲಿ ಮ್ಯೂನಿಕ್ಕಿನ ಫ್ರಾಂಜ್ ಹಾನ್‌ಫ್‌ಸ್ಟೆಂಗಲ್ ಎಂಬಾತ ತಿದ್ದಿದ ನೆಗೆಟಿವ್ ಒಂದನ್ನು ಇಟ್ಟು, ತಿದ್ದುವ ಮೊದಲಿನ ಮತ್ತು ತಿದ್ದಿದ ನಂತರದ ಭಾವಚಿತ್ರಗಳನ್ನು ಪಕ್ಕಪಕ್ಕ ತೋರಿಸಿದ. ನೋಡಿದವರು ಬೆರಗಾದರು. ತಮ್ಮ ಮುಖವೂ ಹಾಗೆ ಚೆನ್ನಾಗಿ ಬರಬೇಕೆಂದು ಅಂದಿನಿಂದಲೇ ಆಸೆಪಟ್ಟರು.

ಅದೇ 1855ರಲ್ಲಿ ಕ್ಯಾಮೆರಾ ನಮ್ಮ ಸೀಮೆಯ ಕಡೆಗೂ ಹೊರಟಿತ್ತು. ಮುಂಬೈ ಸರ್ಕಾರವು ಫಿರಂಗಿ ಪಡೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬುವನನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಆತ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಕೆಲಸ ಮಾಡಿದ. ಅವನ ನಂತರ ಡಾಕ್ಟರ್ ಪಿಗೌ ಅದನ್ನು ಮುಂದುವರಿಸಿದ. ಈ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥಗಳಾಗಿ ಅಚ್ಚಾದವು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಗ್ರಂಥಕ್ಕೆ ಬರಹ ಒದಗಿಸಿದವರಲ್ಲಿ, ಸುರಪುರದಲ್ಲಿದ್ದನಲ್ಲ, ಆ ಮೆಡೋಸ್ ಟೇಲರನೂ ಒಬ್ಬ.

ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಒಂದು ಚಿತ್ರ ಮೂಡಲು ಒಳ್ಳೆಯ ಬಿಸಿಲಿನಲ್ಲಿಯೂ ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ಅಲುಗಾಡದೆ ನಿಂತವರು ಮಾತ್ರ ಚಿತ್ರದಲ್ಲಿ ಉಳಿಯುತ್ತಿದ್ದರು. ನಡೆದುಹೋದವರು ಗಾಳಿಯಲ್ಲಿ ಕರಗಿದಂತೆ ಮಾಯವಾಗುತ್ತಿದ್ದರು. ಅಂಥ ಹಳೆಯ ಚಿತ್ರಗಳಲ್ಲಿ ಊರು ಖಾಲಿಯಾಗಿ ಕಂಡರೆ ಅಲ್ಲಿ ಜನರೇ ಇರಲಿಲ್ಲವೆಂದು ತಿಳಿಯಬಾರದು. ಐಹೊಳೆಯ ಗುಡಿಗಳಲ್ಲಿ ಆಗ ಸಂಸಾರಗಳು ವಾಸವಾಗಿದ್ದವು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಾಗಿದ್ದ ಒಬ್ಬನಿಂದ.

ಹವ್ಯಾಸಿಗಳ ಬೆಲೆ ತಿಳಿಯಬೇಕಾದರೆ ಹಂಪಿಗೆ ಹೋಗಬೇಕು. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತನ್ನ ಖುಷಿಗಾಗಿ, ಮೇಣ ಸವರಿದ ಕಾಗದದ ಮೇಲೆ ಅಲ್ಲಿನ ಚಿತ್ರಗಳನ್ನು ತೆಗೆದ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದ್ದದ್ದನ್ನು ಇಂದು ನಾವು ಕಣ್ಣಾರೆ ಕಾಣುವುದು ಅವನ ಚಿತ್ರದಲ್ಲಿ. ಶಿಖರ ಈಗ ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಏನು ಬಿದ್ದಿತು, ಏನು ಉಳಿಯಿತು ಎಂಬುದು ಎರಡನ್ನೂ ಜೊತೆಗಿಟ್ಟಾಗ ತಾನಾಗಿಯೇ ತಿಳಿಯುತ್ತದೆ.

ಇನ್ನು ನಮ್ಮ ನಾಲ್ಕು ಊರುಗಳಿಗೆ ಬರೋಣ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ರ ವಿಲೀನದವರೆಗೂ ಹೀಗೆಯೇ. ಇಂಥ ಸೀಮೆಯಲ್ಲಿ ಭಾವಚಿತ್ರ ಎಂಬುದು ಮೊದಲು ಅರಮನೆಯ, ಸರದಾರರ, ವಕೀಲರ ಸೊತ್ತು. ಉಳಿದವರು ಜೀವಮಾನದಲ್ಲಿ ಒಮ್ಮೆ, ಮದುವೆಗೋ ಮಗುವಿನ ಜವಳಕ್ಕೋ, ಸ್ಟುಡಿಯೊ ಇದ್ದ ಊರಿಗೆ ಹೋಗಿ ತೆಗೆಸಿಕೊಂಡರೆ ದೊಡ್ಡದು. ಬಣ್ಣದ ಪರದೆ, ಅದರ ಮೇಲೆ ಕಂಬ, ಕೊಳ, ಹಂಸ. ಮುಂದೆ ಒಂದು ಕುರ್ಚಿ, ಒಂದು ಹೂದಾನಿ. ಕಂಪನಿ ನಾಟಕದ ರಂಗಭೂಮಿಯನ್ನೇ ಸಣ್ಣದು ಮಾಡಿ ಇಟ್ಟಂತೆ.

ಸ್ಟುಡಿಯೊದ ಒಳಗಿನ ಕೋಣೆಯಲ್ಲಿ ತಿದ್ದುವವನ ಮೇಜು ಇರುತ್ತಿತ್ತು. ಇಳಿಜಾರಾದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನಿಂದ ಕನ್ನಡಿಯ ಬೆಳಕು ಬಿಟ್ಟುಕೊಂಡು, ಸೂಜಿಯಷ್ಟು ಚೂಪಾದ ಪೆನ್ಸಿಲ್ ಹಿಡಿದು ಆತ ಕೂರುತ್ತಿದ್ದ. ಇದರ ತರ್ಕ ಸರಳವಾದದ್ದು. ನೆಗೆಟಿವ್‌ನಲ್ಲಿ ಬೆಳಕು ಕತ್ತಲೆ ತಿರುಗುಮುರುಗು. ಮುಖದ ಸುಕ್ಕು ಅಲ್ಲಿ ತಿಳಿಯಾದ ಸಣ್ಣ ಗೆರೆ. ಆ ಗೆರೆಗೆ ಪೆನ್ಸಿಲ್ಲಿನ ಸೀಸ ತುಂಬಿದರೆ ಅಷ್ಟು ಜಾಗದಲ್ಲಿ ಬೆಳಕು ಕಡಿಮೆ ಹಾಯುತ್ತದೆ. ಕಾಗದಕ್ಕೆ ಇಳಿಸಿದಾಗ ಸುಕ್ಕು ಕಾಣುವುದಿಲ್ಲ. ಕಪ್ಪಾಗಬೇಕಾದ ಕಡೆ ಚಾಕುವಿನ ಮೊನೆಯಿಂದ ಹಗುರಾಗಿ ಕೆರೆಯುತ್ತಿದ್ದರು. ಮುದ್ರಿಸಿದ ಮೇಲೆ ಉಳಿದ ಬಿಳಿ ಚುಕ್ಕೆಗಳಿಗೆ ಕುಂಚದಿಂದ ಬಣ್ಣ. ಇಂದು ಮೊಬೈಲಿನಲ್ಲಿ ಬೆರಳಾಡಿಸಿ ಮೊಡವೆ ಅಳಿಸುವವರು ಮಾಡುವುದು ಇದೇ ಕೆಲಸ. ಆತನಿಗೆ ಅದು ಅರ್ಧ ದಿನದ ಕೆಲಸವಾಗಿತ್ತು ಎಂಬುದಷ್ಟೇ ವ್ಯತ್ಯಾಸ.

ಕೆಲವೊಮ್ಮೆ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಅಜ್ಜನ ಚಿತ್ರ ಒಂದು ಗುಂಪಿನಲ್ಲಿದೆ, ಅಜ್ಜಿಯದು ಬೇರೊಂದರಲ್ಲಿದೆ, ಇಬ್ಬರೂ ತೀರಿಕೊಂಡಿದ್ದಾರೆ, ಗೋಡೆಗೆ ಜೋಡಿ ಫೋಟೋ ಬೇಕು. ಎರಡನ್ನೂ ಕತ್ತರಿಸಿ ಅಂಟಿಸಿ, ಮತ್ತೆ ಕ್ಯಾಮೆರಾದಲ್ಲಿ ಹಿಡಿದು, ಸೇರಿಕೆ ಕಾಣದಂತೆ ಬಣ್ಣ ಹಚ್ಚಿ ಕೊಡುತ್ತಿದ್ದರು. ನಮ್ಮ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಪಕ್ಕಪಕ್ಕ ಕುಳಿತ ದಂಪತಿಗಳು ಕ್ಯಾಮೆರಾದ ಮುಂದೆ ಎಂದೂ ಜೊತೆಯಾಗಿ ಕೂತವರಲ್ಲ. ಇದನ್ನು ಮೋಸವೆಂದು ನಾನು ಕರೆಯಲಾರೆ, ಮನೆಯವರಿಗೆಲ್ಲ ಗೊತ್ತಿದ್ದೇ ಮಾಡಿಸಿದ್ದು. ಆದರೆ ಮೊಮ್ಮಕ್ಕಳ ಕಾಲಕ್ಕೆ ಆ ತಿಳಿವಳಿಕೆ ಅಳಿಸಿಹೋಗಿ, ಜೋಡಿಸಿದ್ದೇ ನಡೆದದ್ದೆಂದು ನಿಲ್ಲುತ್ತದೆ. ತಿದ್ದುವುದರಲ್ಲಿರುವ ತೊಡಕು ಅದು.

ಬಣ್ಣದ ವಿಷಯದಲ್ಲಿ ಈ ತೊಡಕು ಇಂದು ಹೆಚ್ಚಾಗಿದೆ. ಹಳೆಯ ಕಾಲದ ಫಲಕಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು 1906ರಿಂದ ಸಿಗತೊಡಗಿದರೂ ಅವು ಬಳಕೆಗೆ ಹರಡಲು ದಶಕಗಳೇ ಹಿಡಿದವು. ಹೀಗಾಗಿ ಆ ಚಿತ್ರಗಳಲ್ಲಿ ಹಣೆಯ ಕುಂಕುಮ ಕಪ್ಪು, ಕೆನ್ನೆಯ ಅರಿಶಿನ ಮಸುಕು, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪು. ಈಗ ಕಪ್ಪು-ಬಿಳುಪು ಚಿತ್ರಕ್ಕೆ ಒಂದು ಕ್ಷಣದಲ್ಲಿ ಬಣ್ಣ ತುಂಬಿಕೊಡುವ ಯಂತ್ರಗಳಿವೆ. ಕಪ್ಪಗೆ ಕಂಡದ್ದು ಮೂಲದಲ್ಲಿ ಕೆಂಪಾಗಿತ್ತು ಎಂದು ಅವಕ್ಕೆ ಹೇಳುವವರು ಯಾರು? ಸೆರಗಿಗೆ ಕಂದು ಬಣ್ಣವನ್ನೋ ಕಡುನೀಲಿಯನ್ನೋ ಬಳಿದು ಕೊಡುತ್ತವೆ. ಟೋಪ ತೆನಿಯ ಸೆರಗನ್ನು ಕಂಡ ಯಾವ ಹೆಣ್ಣುಮಗಳೂ ಆ ತಪ್ಪು ಮಾಡಳು. ಬಣ್ಣ ತುಂಬಿಸುವುದಾದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸಿರಿ.

ಮನೆಯವರೇ ಚಿತ್ರ ತೆಗೆಯುವ ಕಾಲ ಬಂದದ್ದು ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಾಕ್ ಕ್ಯಾಮೆರಾವನ್ನೂ, 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿಯನ್ನೂ ಮಾರುಕಟ್ಟೆಗೆ ತಂದ ಮೇಲೆ. ನಮ್ಮಲ್ಲಿ ಆ ಪಾತ್ರ ವಹಿಸಿದ್ದು ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್-3. ಒಂದು ರೋಲಿಗೆ ಹನ್ನೆರಡೇ ಚಿತ್ರ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ಸಿಗತೊಡಗಿದ ಮೇಲೂ ಹವ್ಯಾಸ ಅಗ್ಗವೇನೂ ಆಗಲಿಲ್ಲ. ಆ ಕಾರ್ಖಾನೆ ಈಗ ಕೆಲಸ ನಿಲ್ಲಿಸಿದೆ. ಹನ್ನೆರಡೇ ಅವಕಾಶವಿದ್ದಾಗ ಜನ ಯೋಚಿಸಿ ಗುಂಡಿ ಒತ್ತುತ್ತಿದ್ದರು: ಬೆಳಕು ಎತ್ತಣಿಂದ ಬರುತ್ತಿದೆ, ಎಲ್ಲರೂ ಬಂದರೇ, ಅತ್ತೆ ಎಲ್ಲಿ? ನೀವೂ ಒಮ್ಮೆ ಈ ಕಟ್ಟುಪಾಡು ಹಾಕಿಕೊಂಡು ನೋಡಿರಿ. ಊರ ಜಾತ್ರೆಗೆ ಹೋಗಿ, ಮೊಬೈಲಿನಲ್ಲಿ ಹನ್ನೆರಡೇ ಚಿತ್ರ ತೆಗೆದುಕೊಂಡು ಬನ್ನಿರಿ.

ಹವ್ಯಾಸವನ್ನು ಕಲೆಯ ಮಟ್ಟಕ್ಕೆ ಒಯ್ದವರು ನಮ್ಮ ರಾಜ್ಯದಲ್ಲಿ ಬಹಳ ಮಂದಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿತು. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡುಪ್ರಾಣಿಗಳ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು. ಮುಧೋಳದ ಅರಸರದೂ ಘೋರ್ಪಡೆ ಎಂಬುದೇ ಅಡ್ಡಹೆಸರು. ಆದರೆ ಮುಧೋಳದಲ್ಲಿ ಕಲಿಯಲು ಕಾಡಿಗೆ ಹೋಗಬೇಕಿಲ್ಲ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಅಲ್ಲಿನ ಬೇಟೆನಾಯಿ ಇದೆ. ಅದು ಸೆಕೆಂಡಿಗೆ 12 ಮೀಟರ್ ಓಡುತ್ತಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾದ ಕಣ್ಣು ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೆ ನಾಯಿ ಅಷ್ಟರಲ್ಲಿ 20 ಸೆಂಟಿಮೀಟರ್ ಸರಿದಿರುತ್ತದೆ, ಚಿತ್ರ ಕಲಸಿಹೋಗುತ್ತದೆ. 1000ನೇ ಒಂದು ಭಾಗವಾದರೆ ಸರಿಯುವುದು 1.2 ಸೆಂಟಿಮೀಟರ್ ಮಾತ್ರ.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳು ಬೇರೊಂದು ಪಾಠ ಹೇಳುತ್ತವೆ. ಒಳಗೆ ಕತ್ತಲೆ, ಬಾಗಿಲಲ್ಲಿ ಕಣ್ಣು ಕುಕ್ಕುವ ಬಿಸಿಲು. ಮಗ್ಗದ ಮುಂದೆ ಕೂತ ಅಜ್ಜಿಯನ್ನು ಬಾಗಿಲಿಗೆ ಬೆನ್ನು ಮಾಡಿಸಿ ತೆಗೆದರೆ ಬರಿಯ ಕರಿನೆರಳು. ನೀವೇ ಬಾಗಿಲ ಕಡೆ ಬಂದು, ಬೆಳಕು ಅವಳ ಕೆನ್ನೆಯ ಮೇಲೆ ಒಂದು ಬದಿಯಿಂದ ಬೀಳುವಂತೆ ನಿಂತುಕೊಳ್ಳಿ. ಮೊಬೈಲಿನ ತೆರೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಅದು ಬೆಳಕನ್ನು ಮುಖಕ್ಕೆ ಹೊಂದಿಸಿಕೊಳ್ಳುತ್ತದೆ. ಫ್ಲ್ಯಾಶ್ ಬೇಡ, ಅದು ಮಗ್ಗದ ನೂಲನ್ನೂ ಮುಖದ ಗೆರೆಯನ್ನೂ ಸಪಾಟು ಮಾಡುತ್ತದೆ.

ಮನೆಯ ಚಿತ್ರವನ್ನು ಊರಿನ ದಾಖಲೆ ಎಂದು ಏಕೆ ಕರೆದೆ ಎಂಬುದು ಬೀಳಗಿಯ ಕಡೆ ಹೋದರೆ ತಿಳಿಯುತ್ತದೆ. ಆಲಮಟ್ಟಿ ಆಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ನೀರು 519.6 ಮೀಟರಿನವರೆಗೆ ನಿಂತಾಗ ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳೂ ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳೂ ಮುಳುಗಡೆಯಾದವು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಗುಡಿ ಹಿನ್ನೀರು ಏರಿದಾಗ ನೀರೊಳಗೆ ಹೋಗುತ್ತದೆ. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೋಗುವಾಗ ತೊಲೆ, ಬಾಗಿಲು, ಹೆಂಚು ಕಿತ್ತುಕೊಂಡು ಹೋದರು, ಗೋಡೆಯನ್ನು ಒಯ್ಯಲಾಗುವುದಿಲ್ಲ.

ಆ ಗೋಡೆ ಇಂದು ಎಲ್ಲಿದೆ? ಯಾರದೋ ಸೀಮಂತದ ಫೋಟೋದಲ್ಲಿ, ಹಸಿರು ಬಳೆ ತೊಟ್ಟವಳ ಹಿಂದೆ. ಕಾರಹುಣ್ಣಿಮೆಯ ಎತ್ತಿನ ಪಕ್ಕದ ಕಟ್ಟೆಯಾಗಿ. ತೆಗೆದವನಿಗೆ ಅದು ಬೇಕಿರಲಿಲ್ಲ, ಚೌಕಟ್ಟಿನೊಳಗೆ ತಾನಾಗಿ ಬಂದದ್ದು. ಈಗ ಆ ಚಿತ್ರವನ್ನು ತಿದ್ದಲು ಕೂತ ಹುಡುಗ ಮೊದಲು ಮಾಡುವ ಕೆಲಸವೇ ಮುಖವಷ್ಟನ್ನು ಉಳಿಸಿ ಸುತ್ತಲಿನದನ್ನು ಕತ್ತರಿಸುವುದು, ಇಲ್ಲವೇ ಹಿಂದೆ ಹಿಮದ ಬೆಟ್ಟವನ್ನು ತಂದಿಡುವುದು. ಸ್ಟುಡಿಯೊದ ಹಂಸ-ಕೊಳದ ಪರದೆ ಮತ್ತೆ ಬಂದಂತಾಯಿತು! 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಆ ಮಟ್ಟಕ್ಕೆ ನೀರು ನಿಂತ ದಿನ ಇನ್ನಷ್ಟು ಓಣಿಗಳು ಹೋಗುತ್ತವೆ. ಹೊಳೆದಂಡೆಯ ಊರಿನವರು ನೀವಾದರೆ ಹತ್ತು ಹೆಜ್ಜೆ ಹಿಂದೆ ಸರಿದು, ಮನೆ, ಬಾವಿ, ಬೇವಿನ ಮರ ಎಲ್ಲ ಬರುವಂತೆ ಒಂದಿಷ್ಟು ಚಿತ್ರ ಈಗಲೇ ತೆಗೆದಿಡಿರಿ.

ನೀರು ಆಲ್ಬಮ್ಮುಗಳನ್ನೂ ಬಿಡುವುದಿಲ್ಲ. 2005, 2009, 2019ರ ನೆರೆಗಳಲ್ಲಿ ಈ ಭಾಗದ ಮನೆಗಳಿಗೆ ನೀರು ನುಗ್ಗಿತು. ನೆನೆದ ಫೋಟೋದ ಮೇಲ್ಪದರ ಅಂಟಿನಂತಾಗುತ್ತದೆ, ಹಾಗೆಯೇ ಒಣಗಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಹಸಿಯಿದ್ದಾಗಲೇ ಒಂದೊಂದಾಗಿ ಬಿಡಿಸಿ, ತಣ್ಣನೆಯ ಶುದ್ಧ ನೀರಿನಲ್ಲಿ ಕೆಸರು ತೊಳೆದು, ಮುಖ ಮೇಲಾಗಿ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಬೇಕು. ಮನೆಯ ಪ್ರಿಂಟರಿನಲ್ಲಿ ಮುದ್ರಿಸಿದವನ್ನು ಮಾತ್ರ ತೊಳೆಯಬಾರದು, ಶಾಯಿ ಹರಿದುಬಿಡುತ್ತದೆ. ಗಾಜಿಗೆ ಕಚ್ಚಿಕೊಂಡು ಒಣಗಿದ ಫೋಟೋವನ್ನು ಕೀಳಬೇಡಿ. ಗಾಜಿನ ಮೇಲಿನಿಂದಲೇ ನಕಲು ತೆಗೆಯಿರಿ.

ನಕಲು ತೆಗೆಯಲು ಕಿಟಕಿಯ ನೆರಳು ಬೆಳಕು ಸಾಕು. ಚಿತ್ರವನ್ನು ಮಟ್ಟವಾಗಿಟ್ಟು, ಮೊಬೈಲನ್ನು ಅದಕ್ಕೆ ನೇರವಾಗಿ ಹಿಡಿಯಿರಿ. ಅಂಚುಗಳೆಲ್ಲ ಬರಲಿ. ಹಿಂಬದಿಯಲ್ಲಿ ಬರಹ, ಸ್ಟುಡಿಯೊದ ಮುದ್ರೆ ಇದ್ದರೆ ಅದರದೂ ಒಂದು ಚಿತ್ರ. ಆಮೇಲೆ ಒಂದು ಪ್ರತಿ ಮಾಡಿಕೊಂಡು ಆ ಪ್ರತಿಯನ್ನು ಮಾತ್ರ ತಿದ್ದಿರಿ: ಸೊಟ್ಟಗಿದ್ದರೆ ನೇರ ಮಾಡುವುದು, ಮಸುಕಾದ ಕಪ್ಪನ್ನು ಕಪ್ಪಾಗಿಸುವುದು, ಗೀರು ಮುಚ್ಚುವುದು. 1970-80ರ ದಶಕದ ಬಣ್ಣದ ಚಿತ್ರಗಳು ಕೆಂಪಗಾಗಿರುವುದು ಅವುಗಳ ಇತರ ಬಣ್ಣಗಳು ಬೇಗ ಸೋತದ್ದರಿಂದ; ಕೆಂಪನ್ನು ತಗ್ಗಿಸಿ ಉಳಿದವನ್ನು ಸ್ವಲ್ಪ ಎತ್ತಿದರೆ ಹುಲ್ಲು ಮತ್ತೆ ಹಸಿರಾಗುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿರಿ.

ಕೊನೆಯದಾಗಿ ಹೆಸರು. ಫೈಲಿಗೆ ವರ್ಷ, ಊರು, ಯಾರು ಎಂಬುದನ್ನು ಈ ಕ್ರಮದಲ್ಲಿಯೇ ಕೊಡಿರಿ. ಕಾಗದದ ಚಿತ್ರವಾದರೆ ಹಿಂಬದಿಯಲ್ಲಿ, ಅಂಚಿನ ಹತ್ತಿರ, ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಬರೆಯುವ ಮೊದಲು ಚಿತ್ರವನ್ನು ಅಜ್ಜಿಯ ಕೈಗೆ ಕೊಟ್ಟು, “ಇವರು ಯಾರು?” ಎಂದು ಕೇಳಿದ ಮೇಲೆ, “ಯಮ್ಮಾ, ಹಿಂದಿಂದು ಯಾರ ಮನಿ?” ಎಂದೂ ಕೇಳಿರಿ.